ಎರಡು ಪದರದ ಬಟ್ಟೆ

ಬನಹಟ್ಟಿಯ ನೇಕಾರರ ಓಣಿಯಲ್ಲಿರುವ, ಮೆಟ್ಟಿಲಿಳಿದು ನೀರು ತರುವ ಪಾವಟಿಗೆ ಬಾವಿಗೆ ಮೈಲುತುತ್ತವನ್ನು ಸುರಿದು ಅದರೊಳಗಿನ ಸಕಲ ಜಂತುಗಳನ್ನೂ ನಾಶಮಾಡತಕ್ಕದ್ದೆಂಬ ಅಪ್ಪಣೆ ನನ್ನ ಕೈ ಸೇರಿದ್ದು ೧೯೩೧ನೆಯ ಇಸವಿಯ ವೈಶಾಖ ಮಾಸದಲ್ಲಿ. ಆಗ ನಾನು ಜಮಖಂಡಿ ಸಂಸ್ಥಾನದಲ್ಲಿ ನೀರಿನ ಪರೀಕ್ಷಕನಾಗಿದ್ದೆ. ಅಪ್ಪಣೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಆ ಬೇಸಿಗೆ ಆ ಒಂದೇ ಓಣಿಯಲ್ಲಿ ಅರವತ್ತೊಂದು ಜನ ನಾರುಹುಣ್ಣಿನಿಂದ ನರಳುತ್ತಿದ್ದರು. ಕಾಲಿನಲ್ಲಿ ಬೊಕ್ಕೆಯೆದ್ದು, ಒಡೆದು, ಒಳಗಿನಿಂದ ಒಂದೂವರೆ ಮೊಳದ ಬಿಳಿಯ ನೂಲಿನಂಥ ಹುಳು ದಿನಕ್ಕೊಂದು ಅಂಗುಲದಂತೆ ಹೊರಬರುವ ರೋಗವದು. ಅವಸರಪಟ್ಟು ಎಳೆದರೆ ಹುಳು ಒಳಗೇ ಹರಿದು ಕಾಲು ಕೀವುಗಟ್ಟುತ್ತದೆ. ಆದ್ದರಿಂದ ಅದನ್ನು ಬೇವಿನ ಕಡ್ಡಿಗೆ ಸುತ್ತುತ್ತ, ಮೂರು ನಾಲ್ಕು ವಾರ ಕಾಯಬೇಕು. ಕುಣಿಮಗ್ಗದಲ್ಲಿ ಕುಳಿತ ನೇಕಾರನು ಕೈಯಿಂದ ಲಾಳಿಯೆಸೆದು ಕಾಲಿನಿಂದ ಹಲಗೆ ತುಳಿಯುತ್ತಾನೆ. ಕಾಲು ನಿಂತರೆ ಮಗ್ಗವೂ ನಿಲ್ಲುತ್ತದೆ. ನಾನು ಓಣಿಯನ್ನು ಹೊಕ್ಕ ದಿನ ಮೂರರಲ್ಲಿ ಎರಡು ಮನೆಗಳು ನಿಶ್ಶಬ್ದವಾಗಿದ್ದವು.

ನನ್ನ ತಂದೆ ತೇರದಾಳದಲ್ಲಿ ಶಾಸ್ತ್ರ ಹೇಳುತ್ತಿದ್ದವರು. ಹತ್ತು ತುಂಬುವುದರೊಳಗೆ ಅವರು ನನಗೆ ಸಂಸ್ಕೃತವನ್ನೂ ಪ್ರಾಕೃತವನ್ನೂ ಕಲಿಸಿ, ಜೀವಗಳಲ್ಲಿ ಸ್ಥಾವರವೆಷ್ಟು, ಚಲಿಸುವ ತ್ರಸಜೀವಗಳೆಷ್ಟು, ಯಾವುದಕ್ಕೆ ಎಷ್ಟು ಇಂದ್ರಿಯಗಳೆಂಬುದನ್ನು ಬಾಯಿಪಾಠ ಮಾಡಿಸಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಅಣುವ್ರತಗಳನ್ನು ಸ್ವೀಕರಿಸಿದೆ. ತಿಳಿದು ತಿಳಿದು ತ್ರಸಜೀವವನ್ನು ಕೊಲ್ಲಲಾರೆನೆಂಬುದು ಅವುಗಳಲ್ಲಿ ಮೊದಲನೆಯದು. ಅನಂತರ ಪುಣೆಯಲ್ಲಿ ಜೀವಶಾಸ್ತ್ರ ಓದಿದೆ. ಎರಡು ವಿದ್ಯೆಗಳೂ ಇಷ್ಟು ವರ್ಷ ನನ್ನೊಳಗೆ ಒಂದನ್ನೊಂದು ನೋಯಿಸದೆ ಇದ್ದವು. ಮೈಲುತುತ್ತದ ಅಪ್ಪಣೆಯೊಂದಿಗೆ ಅವು ಮೊದಲ ಬಾರಿಗೆ ಮುಖಾಮುಖಿಯಾದವು.

ಸುರಿಯುವ ಮೊದಲು ನೋಡಬೇಕೆನಿಸಿತು. ಬಾವಿಯ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಎಳ್ಳಿನ ಹೊಟ್ಟಿಗಿಂತ ಚಿಕ್ಕದಾದ ಒಂದು ಜೀವಿ, ಗಾಜಿನಂತೆ ಪಾರದರ್ಶಕವಾದುದು, ನೆತ್ತಿಯ ನಡುವೆ ಒಂದೇ ಒಂದು ಕೆಂಪು ಕಣ್ಣನ್ನು ಹೊತ್ತು, ಬಾಲದ ಎರಡೂ ಬದಿಗೆ ತತ್ತಿಯ ಚೀಲಗಳನ್ನು ತೂಗಿಸಿಕೊಂಡು ಹಾರಿ ಹಾರಿ ಈಜುತ್ತಿತ್ತು. ಅದರ ಒಡಲಿನೊಳಗೆ ಇನ್ನೊಂದು ಜೀವ ಸುರುಳಿ ಸುತ್ತಿ ಮಲಗಿತ್ತು. ಅದೇ ನಾರುಹುಳುವಿನ ಮರಿ. ನಾನು ನೋಡುತ್ತಿದ್ದಂತೆ ಅದು ಮೆಲ್ಲನೆ ಹೊರಳಿ, ಮತ್ತೆ ಸುರುಳಿಯಾಯಿತು. ನೀರಿನ ಹನಿಯಲ್ಲಿ ಅಸಂಖ್ಯ ಜೀವಗಳಿವೆಯೆಂದು ಬಾಲ್ಯದಲ್ಲಿ ಸಾವಿರ ಸಲ ಹೇಳಿದ್ದೆ. ಆದರೆ ಹೇಳಿದ್ದನ್ನು ಕಾಣುವುದು ಬೇರೆಯೇ ಎಂದು ಆ ಕ್ಷಣ ತಿಳಿಯಿತು. ಅರಿಯದೆಯೇ ಕೈಮುಗಿದಿದ್ದೆ.

ರೋಗದ ಚಕ್ರವನ್ನು ಆ ವಾರವೆಲ್ಲ ಕೂತು ಬಿಡಿಸಿದೆ. ಒಡೆದ ಹುಣ್ಣು ಬೆಂಕಿಯಂತೆ ಉರಿಯುತ್ತದೆ. ಉರಿ ತಾಳದವನು ಬಾವಿಯ ಪಾವಟಿಗೆಗಳನ್ನು ಇಳಿದು ಕಾಲನ್ನು ತಣ್ಣೀರಿನಲ್ಲಿ ಇಡುತ್ತಾನೆ. ಹುಳು ಅದನ್ನೇ ಕಾಯುತ್ತಿರುತ್ತದೆ, ನೀರು ತಾಕಿದೊಡನೆ ಮರಿಗಳನ್ನು ಬಿಡುತ್ತದೆ. ಒಕ್ಕಣ್ಣಿನ ಜೀವಿ ಆ ಮರಿಗಳನ್ನು ನುಂಗುತ್ತದೆ, ಮನುಷ್ಯ ಆ ಜೀವಿಯನ್ನು ನೀರಿನೊಂದಿಗೆ ಕುಡಿಯುತ್ತಾನೆ. ಸರಿಯಾಗಿ ಒಂದು ವರ್ಷ ಕಳೆದ ಮೇಲೆ ಹುಳು ಅವನ ಕಾಲಿನಿಂದ ಹೊರಬರುತ್ತದೆ. ಬಾವಿಯಿಂದ ಕಾಲಿಗೆ, ಕಾಲಿನಿಂದ ಬಾವಿಗೆ ನಡೆದ ಈ ದಾರಿಯಲ್ಲಿ ಒಕ್ಕಣ್ಣಿನ ಜೀವಿ ಮಾಡಿದ ಅಪರಾಧವಾವುದು? ಅದೂ ರೋಗಿಯೇ. ಕುಡಿಯುವ ನೀರನ್ನು ಗಟ್ಟಿ ಬಟ್ಟೆಯಲ್ಲಿ ಸೋಸಿ, ಹುಣ್ಣಿನ ಕಾಲನ್ನು ನೀರಿನಿಂದ ದೂರವಿಟ್ಟರೆ ಒಂದು ಜೀವವನ್ನೂ ಕೊಲ್ಲದೆ ಚಕ್ರ ಮುರಿಯುತ್ತದೆ.

ಅದಕ್ಕೆ ಸಾಕ್ಷಿ ನನ್ನ ಮನೆಯಲ್ಲೇ ಇತ್ತು. ನನ್ನನ್ನು ಸಾಕಿದ ಸೋದರತ್ತೆ ಅಕ್ಕಮ್ಮ ಅದೇ ಬಾವಿಯ ಮಗ್ಗುಲಲ್ಲಿ ವಾಸವಾಗಿದ್ದಳು. ಜೈನರ ಮನೆಗಳಲ್ಲಿ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಗಾಳಿಸಿಯೇ ಕುಡಿಯುತ್ತಾರೆ. ಗಾಳಿಸಿದ ಮೇಲೆ ಬಟ್ಟೆಯನ್ನು ತಿರುವಿ, ಅದರ ಮೇಲೆ ಶುದ್ಧ ನೀರೆರೆದು, ಅಂಟಿಕೊಂಡ ಜೀವಗಳನ್ನು ಚಿಕ್ಕ ಪಾತ್ರೆಯಲ್ಲಿ ಹಿಡಿದು, ಹಗ್ಗದಿಂದ ಇಳಿಸಿ, ಅದೇ ಬಾವಿಗೆ ಮರಳಿಸುತ್ತಾರೆ. ಓಣಿಯಲ್ಲಿದ್ದ ನಾಲ್ಕು ಜೈನ ಮನೆಗಳಲ್ಲಿ ನಾರುಹುಣ್ಣು ಒಂದೂ ಇರಲಿಲ್ಲ.

ಕಾರಭಾರಿಗಳನ್ನು ಕಾಣಲು ಜಮಖಂಡಿಗೆ ಹೋದೆ. ಸಂಸ್ಥಾನದ ಆಡಳಿತವೆಲ್ಲ ಅವರ ಕೈಯಲ್ಲಿತ್ತು. ನಾನು ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಪಂಡಿತರ, ಇದು ನಿಮ್ಮ ವ್ರತ ಮಾತಾಡಾಕತ್ತದೋ, ನಿಮ್ಮ ದುರ್ಬೀನು ಮಾತಾಡಾಕತ್ತದೋ?”

“ಎರಡೂ ರೀ. ಆದ್ರ ದುರ್ಬೀನು ಒಲ್ಲೆ ಅಂದಿದ್ರ ವ್ರತ ಸುಮ್ಮನ ಕೂಡ್ತಿತ್ತು.”

ಅವರು ನಕ್ಕರು. ಈ ಬೇಸಿಗೆ ಕುಡಿದದ್ದು ಬರುವ ಬೇಸಿಗೆಗೆ ಕಾಣುವುದರಿಂದ ಎರಡು ಬೇಸಿಗೆಗಳ ಗಡುವು ಬೇಕೆಂದು ಬೇಡಿದೆ. ಕೊಟ್ಟರು. ಆದರೆ ಮೈಲುತುತ್ತದ ಪೊಟ್ಟಣಗಳನ್ನು ತಮ್ಮ ಎದುರಿಗೇ ತೂಗಿಸಿ, ಅರಗಿನ ಮುದ್ರೆ ಹಾಕಿಸಿ ನನ್ನ ವಶಕ್ಕೊಪ್ಪಿಸಿದರು.

“ಮೂವತ್ತಮೂರನೇ ಇಸವಿ ಬ್ಯಾಸಿಗಿಗೆ ಒಂದ ಒಂದು ಹೊಸಾ ಕಾಲು ಕಂಡ್ರೂ ಇದನ್ನ ಸುರಿಯೂದು ನೀವ. ಆಳಿನ ಕೈಲೆ ಅಲ್ಲ, ನಿಮ್ಮ ಕೈಲೆ. ಕಾಲು ಕಳಕೊಳ್ಳಾವ್ರು ನೇಕಾರರು, ಪುಣ್ಯ ನಿಮಗ ಅಂದ್ರ ನಡಿಯೂದಿಲ್ಲ.”

ಮಾತು ನ್ಯಾಯವಾಗಿತ್ತು. ಒಪ್ಪಿದೆ.

ಸೋಸಿದ ನೀರನ್ನೇ ಕುಡಿಯತಕ್ಕದ್ದೆಂಬ ಜಾಹೀರು ಚಾವಡಿಯ ಗೋಡೆಗೆ ಅಂಟಿತು. ಡಂಗುರ ಸಾರಿದ್ದಾಯಿತು. ಏನೂ ಆಗಲಿಲ್ಲ. ಅಪ್ಪಣೆಯೆಂಬುದು ಚಾವಡಿಯ ಗೋಡೆಯವರೆಗೆ ಸುಲಭವಾಗಿ ಬರುತ್ತದೆ, ಅಲ್ಲಿಂದ ಒಲೆಯ ಪಕ್ಕದ ಕೊಡದವರೆಗಿನ ನಾಲ್ಕು ಮಾರು ದಾರಿ ಅದಕ್ಕೆ ಗೊತ್ತಿಲ್ಲ. ಅದೂ ಅಲ್ಲದೆ ನಮ್ಮ ಅಪ್ಪಣೆ ಗಡಿಯ ಕಲ್ಲಿಗೆ ಮುಗಿಯುತ್ತಿತ್ತು. ಆಚೆಯ ರಬಕವಿ ಬೇರೆ ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿಯ ಹತ್ತು ಮನೆಗಳವರೂ ಇದೇ ಬಾವಿಗೆ ಬರುತ್ತಿದ್ದರು. ನಾನು ಮನೆ ಮನೆಗೆ ಹೋಗಿ ಜೈನರ ಗಾಳಿಸುವ ವಿಧಿಯನ್ನು ವಿವರಿಸತೊಡಗಿದೆ. ನನ್ನ ಮೊದಲ ತಪ್ಪು ಅದು. ಮುರಗೆಪ್ಪನೆಂಬ ನೇಕಾರ, ಬಲಗಾಲಿಗೆ ಬೇವಿನ ಕಡ್ಡಿ ಕಟ್ಟಿಕೊಂಡು ಜಗುಲಿಯ ಮೇಲೆ ಕುಳಿತಿದ್ದವನು, ಓಣಿಗೆಲ್ಲ ಕೇಳುವಂತೆ ಅಂದ:

“ಇವತ್ತ ನೀರು ಸೋಸ್ರಿ ಅಂತಾರ. ನಾಳಿ ಹೊತ್ತು ಮುಳಗೂದರಾಗ ಊಟಾ ಮುಗಸ್ರಿ ಅಂತಾರ. ನಾಡದ ಉಳ್ಳಾಗಡ್ಡಿ ಬಿಟ್ಟು ಬಸದಿಗೆ ಬರ್ರಿ ಅಂತಾರ. ನಮಗ ನಮ್ಮ ಲಿಂಗಪ್ಪ ಸಾಕ್ರೀ ಪಂಡಿತರ.”

ಓಣಿ ನಕ್ಕಿತು. ನಾನು ಅವನ ಪಡಸಾಲೆಯ ಕಡೆ ನೋಡಿದೆ. ಒಳಗೆ ಅವನ ಹೆಂಡತಿ ಗುರುಬಸವ್ವ ಸ್ನಾನ ಮುಗಿಸಿ ಲಿಂಗಪೂಜೆಗೆ ಅಣಿಯಾಗುತ್ತಿದ್ದಳು. ಚಿಕ್ಕ ತಾಮ್ರದ ತಂಬಿಗೆಯ ಬಾಯಿಗೆ ಒಗೆದ ಬಿಳಿ ಬಟ್ಟೆಯನ್ನು ಎರಡು ಪದರ ಮಾಡಿ ಹೊದಿಸಿ ಅದರ ಮೇಲೆ ನೀರು ಸುರಿಯುತ್ತಿದ್ದಳು. ಲಿಂಗದ ಅಭಿಷೇಕಕ್ಕೆಂದು ಮೀಸಲಾದ ಆ ನೀರಿಗೆ ಅವರು ಅಗ್ಗವಣಿ ಎನ್ನುತ್ತಾರೆ. ಅದರ ಮಗ್ಗುಲಲ್ಲೇ ಕುಡಿಯುವ ನೀರಿನ ದೊಡ್ಡ ಕೊಡವಿತ್ತು. ಅದರ ಬಾಯಿಗೆ ಬಟ್ಟೆಯಿರಲಿಲ್ಲ.

ಔಷಧವನ್ನು ನಾನು ಹೊತ್ತು ತರಬೇಕಾಗಿರಲಿಲ್ಲ. ತಲೆಮಾರುಗಳಿಂದ ಅದು ಆ ಪಡಸಾಲೆಯಲ್ಲೇ ಇತ್ತು, ರೋಗಕ್ಕೂ ಅದಕ್ಕೂ ನಡುವೆ ಒಂದು ಮೊಳದ ಅಂತರವಿತ್ತು.

ನಾನು ಏನನ್ನೂ ಬೋಧಿಸಲಿಲ್ಲ. ಸೂಕ್ಷ್ಮದರ್ಶಕವನ್ನು ಜಗುಲಿಯ ಮೇಲಿಟ್ಟು, ಅವಳ ದೊಡ್ಡ ಕೊಡದ ಒಂದು ಹನಿಯನ್ನೂ ಅಗ್ಗವಣಿಯ ಒಂದು ಹನಿಯನ್ನೂ ಒಂದಾದ ಮೇಲೊಂದು ನೋಡೆಂದು ವಿನಂತಿಸಿದೆ. ಗುರುಬಸವ್ವ ಬಹಳ ಹೊತ್ತು ನೋಡಿದಳು. ನೂಲಿನ ಎಳೆಯನ್ನು ಕತ್ತಲೆಯಲ್ಲೂ ಗುರುತಿಸುವ ಕಣ್ಣುಗಳವು.

“ಒಂದ ಕಣ್ಣು ಐತಿ ನೋಡ್ರಿ ಇದಕ್ಕ,” ಅಂದಳು. ಆಮೇಲೆ ಮೆಲ್ಲಗೆ, “ಹೊಟ್ಟ್ಯಾಗ ಇನ್ನೊಂದ ಐತಿ.”

ಅಗ್ಗವಣಿಯ ಹನಿಯಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಅವಳು ಗಂಡನ ಕಡೆ ತಿರುಗಿದಳು.

“ಅಂಗೈಯಾಗಿನ ಲಿಂಗಕ್ಕ ಸೋಸಿದ್ದು ಕೊಟ್ಟು ಲಿಂಗಾ ಹೊತ್ತ ದೇಹಕ್ಕ ಹುಳದ ನೀರು ಕೊಡಾಕತ್ತೇವಲ್ಲ ನಾವು. ಆತನಿಗೆ ಕೊಡದ್ದನ್ನ ಕುಡಿಯೂದಿಲ್ಲ ಅಂತ ಬಾಯಿಲೆ ಅಷ್ಟ ಹೇಳೂದು. ನಾಳಿಂದ ನಮ್ಮ ಮನ್ಯಾಗ ಸೋಸಿದ್ದು ಒಂದ ಕೊಡಾ, ಆತಗೂ ನಮಗೂ.”

ಮುರಗೆಪ್ಪ ಕಾಲಿನ ಕಡ್ಡಿಯನ್ನು ನೋಡಿಕೊಂಡ.

ಅಲ್ಲಿಂದ ಮುಂದೆ ಕೆಲಸ ನನ್ನದಾಗಿ ಉಳಿಯಲಿಲ್ಲ. ಯಾವ ಬಟ್ಟೆಯ ಕಂಡಿ ಒಕ್ಕಣ್ಣಿನ ಜೀವಿಗಿಂತ ಕಿರಿದು ಎಂದು ನಾನು ಅಳೆಯುತ್ತ ಕುಳಿತಾಗ, ಸೀರೆಯ ನೂಲಿನ ತೆಳು ಬಟ್ಟೆ ಬೇಡ, ದಪ್ಪ ನೂಲು ಹಾಕಿ ಹೊಕ್ಕಿಗೆ, ಅಂದರೆ ಪ್ರತಿ ಅಡ್ಡನೂಲಿಗೆ, ಹಣಿಗೆಯನ್ನು ಎರಡು ಸಲ ಹೆಚ್ಚು ಬಡಿದು ನೇಯ್ಗೆ ಬಿಗಿಮಾಡಿದರೆ ಸಾಕೆಂದು ಗುರುಬಸವ್ವ ಹೇಳಿದಳು. ಹಾಗೆ ನೇಯ್ದ ಬಟ್ಟೆಯ ಎರಡು ಪದರವನ್ನು ಒಂದೇ ಒಂದು ಜೀವಿಯೂ ದಾಟಲಿಲ್ಲ. ಓಣಿಯ ಪ್ರತಿ ನೇಕಾರನ ಮನೆಗೂ ಅಂಥ ತುಂಡು ಹೋಯಿತು. ಗಡಿಯ ಕಲ್ಲನ್ನು ಯಾರ ಪರವಾನಗಿಯೂ ಇಲ್ಲದೆ ದಾಟಿ ರಬಕವಿಯ ಆ ಹತ್ತು ಮನೆಗಳಿಗೂ ಹೋಯಿತು. ಕಾಲು ಕೆಟ್ಟು ಮಗ್ಗ ತುಳಿಯಲಾಗದವರೇ ಸರದಿಯ ಮೇಲೆ ಬಾವಿಯ ಮೊದಲ ಪಾವಟಿಗೆಯ ಮೇಲೆ ಕಾವಲು ಕುಳಿತರು. ಹುಣ್ಣಿನವರು ಬಂದರೆ ದೂರದ ಕಲ್ಲಿನ ಮೇಲೆ ಕೂಡಿಸಿ ಕೊಡದಿಂದ ಕಾಲಿಗೆ ನೀರೆರೆಯುತ್ತಿದ್ದರು. ಆ ಕಾವಲನ್ನು ಶುರುಮಾಡಿದವನು ಮುರಗೆಪ್ಪ.

ಒಂದು ಮುಂಜಾನೆ ಗುರುಬಸವ್ವ ಸೋಸಿದ ಬಟ್ಟೆಯನ್ನು ತಿರುವಿ ತೊಳೆದು, ಆ ನೀರನ್ನು ಹಗ್ಗದಿಂದ ಬಾವಿಗೆ ಇಳಿಸುತ್ತಿದ್ದುದನ್ನು ಕಂಡೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳಲು ಹೆದರಿದ್ದೆ. ಕೇಳಿದ್ದಕ್ಕೆ, ಅಂಗಳದಲ್ಲಿ ಚೆಲ್ಲಿ ಸಾಯಿಸಿ ತನಗೇನು ಸಿಗಬೇಕು, ಅದರ ಮನೆಗೆ ಅದು ಹೋಗಲಿ ಎಂದಳು. ಕಾಲು ನೀರಿಗೆ ಇಳಿಯದಿದ್ದರೆ ಮರಳಿ ಹೋದ ಜೀವಿಗಳಿಂದ ಕೇಡಿಲ್ಲವೆಂದು ನನ್ನ ಲೆಕ್ಕವೂ ಹೇಳುತ್ತಿತ್ತು. ಆದರೂ ಆ ದಿನದ ಬಗ್ಗೆ ನನಗೆ ನೆನಪಿರುವುದು ಲೆಕ್ಕವಲ್ಲ, ನೀರಿನ ಮೇಲೆ ಮೆಲ್ಲಗೆ ಬೋರಲಾದ ಆ ಪುಟ್ಟ ಪಾತ್ರೆ.

ಮರುವರ್ಷ ಹದಿನೇಳು ಕಾಲುಗಳು. ಅವು ಬಟ್ಟೆಗಿಂತ ಮೊದಲು ಕುಡಿದ ನೀರಿನವು, ಲೆಕ್ಕಕ್ಕೆ ಸರಿಯಾಗಿತ್ತು. ಆ ಹದಿನೇಳರಲ್ಲಿ ಕೆಲವರು ಕಾವಲಿನ ಕಣ್ಣು ತಪ್ಪಿಸಿ ನೀರಿಗಿಳಿದರೆಂದೂ ಕೇಳಿದೆ. ಮೂರನೆಯ ಬೇಸಿಗೆ ಬಂತು. ಚೈತ್ರ ಕಳೆಯಿತು, ವೈಶಾಖ ಕಳೆಯಿತು. ಓಣಿಯುದ್ದಕ್ಕೂ ಪ್ರತಿ ಮಗ್ಗವೂ ಸದ್ದು ಮಾಡುತ್ತಿತ್ತು. ಜ್ಯೇಷ್ಠದ ಹತ್ತನೆಯ ದಿನ ಜಮಖಂಡಿಯಲ್ಲಿ ಕುಳಿತು ವರದಿಯ ಕೊನೆಯ ಸಾಲು ಬರೆದೆ. ನೇಕಾರರ ಓಣಿಯಲ್ಲಿ ಹೊಸ ರೋಗಿಗಳು ಯಾರೂ ಇಲ್ಲವೆಂದು. ಅದನ್ನು ಮೊದಲು ಅಕ್ಕಮ್ಮನಿಗೆ ಓದಿ ಹೇಳಬೇಕೆಂದು ಬನಹಟ್ಟಿಗೆ ಹೊರಟೆ.

ಅಕ್ಕಮ್ಮ ಹಿತ್ತಿಲ ಬಾಗಿಲಲ್ಲಿ ಗೋಡೆಗೊರಗಿ ಕುಳಿತಿದ್ದಳು. ಎಡಗಾಲು ಮಣೆಯ ಮೇಲೆ ಚಾಚಿತ್ತು. ಪಾದದ ಮೇಲ್ಗಡೆ ಬೇವಿನ ಕಡ್ಡಿ, ಅದಕ್ಕೆ ನಾಲ್ಕು ಸುತ್ತು ಬಿಳಿಯ ನೂಲು.

“ನಿನ್ನ ಲೆಕ್ಕ ಇನ್ನೂ ಮುಗದಿಲ್ಲ ಭೂಪಾಲ,” ಅಂದಳು.

ಹುಣ್ಣು ಒಡೆದು ಹನ್ನೊಂದು ದಿನಗಳಾಗಿದ್ದವು. ಅವಳು ನನಗೆ ಹೇಳಿ ಕಳಿಸಿರಲಿಲ್ಲ. ಅರವತ್ತು ವರ್ಷ ಗಾಳಿಸದ ನೀರನ್ನು ತುಟಿಗೆ ಮುಟ್ಟಿಸದವಳಿಗೆ ಇದು ಹೇಗೆ ಬಂತು? ಅಡಿಗೆಮನೆಗೆ ಹೋಗಿ ಗಾಳಿಸುವ ಬಟ್ಟೆಯನ್ನು ತಂದೆ. ಮೂವತ್ತು ವರ್ಷಗಳ ಹಿಂದೆ ತೇರದಾಳದಲ್ಲಿ ಚಾತುರ್ಮಾಸ್ಯಕ್ಕೆ ನಿಂತ ಜೈನ ಸಂನ್ಯಾಸಿನಿ, ಆರ್ಯಿಕೆಯೊಬ್ಬರು, ತಮ್ಮ ಕೈಯಿಂದ ಅವಳಿಗೆ ಹರಸಿ ಕೊಟ್ಟ ಬಟ್ಟೆ ಅದು. ಅದನ್ನು ಬದಲಿಸುವುದು ಅವಳಿಗೆ ಯೋಚನೆಗೇ ಬಂದಿರಲಿಲ್ಲ. ಬಿಸಿಲಿಗೆ ಹಿಡಿದೆ. ಎರಡು ಪದರಗಳಾಚೆ ಹಿತ್ತಿಲ ಬೇವಿನ ಎಲೆಗಳು ಒಂದೊಂದಾಗಿ ಕಾಣುತ್ತಿದ್ದವು.

ಓಣಿಯ ಪ್ರತಿಯೊಂದು ಮನೆಯ ಬಟ್ಟೆಯನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದೆ. ಇದೊಂದನ್ನು ಇಡಲಿಲ್ಲ. ಪವಿತ್ರವಾದದ್ದು ಸವೆಯುವುದಿಲ್ಲವೆಂದು, ನಾನು ಓದಿದ ಯಾವ ಶಾಸ್ತ್ರವೂ ಹೇಳದಿದ್ದ ಮಾತನ್ನು, ಎಲ್ಲಿಂದಲೋ ನಂಬಿಕೊಂಡಿದ್ದೆ.

ವರದಿ ನನ್ನ ಜೇಬಿನಲ್ಲಿತ್ತು. ಅದರಲ್ಲಿದ್ದುದು ನೇಕಾರರ ಓಣಿಯಲ್ಲಿ ಯಾರೂ ಇಲ್ಲವೆಂಬ ಮಾತು. ಅಕ್ಕಮ್ಮ ನೇಕಾರಳಲ್ಲ. ಅವಳ ಮನೆಗೆ ಸಂಸ್ಥಾನದವರಾರೂ ಬಂದು ನೋಡುವುದಿಲ್ಲ. ಆ ಸಾಲನ್ನು ಹಾಗೆಯೇ ಬಿಟ್ಟರೆ ಬಾವಿ ಉಳಿಯುತ್ತದೆ, ನನ್ನ ಕೈ ಶುದ್ಧವಾಗಿ ಉಳಿಯುತ್ತದೆ. ಈ ಯೋಚನೆ ನನ್ನ ಮುಖದ ಮೇಲೆ ಕಂಡಿತೋ ಏನೋ.

“ನನ್ನ ಕಾಲು ಬಿಟ್ಟು ಬರದಿ ಅಂದ್ರ ಅದು ಸುಳ್ಳಾಗ್ತದ,” ಅಂದಳು. “ಜೀವಾ ಉಳಸಾಕ ಸುಳ್ಳು ಬರದೆ ಅಂತ ಹೇಳಬ್ಯಾಡ. ನಿನ್ನ ಕೈ ಉಳಸಾಕ ಬರದಂಗ ಆಗ್ತದ. ಬರಿ, ನನ್ನ ಹೆಸರು ಬರಿ.”

ಬರೆದೆ. ಹೊಸ ರೋಗಿ ಒಬ್ಬರು, ಪರೀಕ್ಷಕನ ಸೋದರತ್ತೆ, ಕಾರಣ ಪರೀಕ್ಷಕನ ಅಲಕ್ಷ್ಯ.

ವರದಿ ಕಳಿಸಿದ ನಾಲ್ಕನೆಯ ದಿನ ಕಾರಭಾರಿಗಳು ತಾವೇ ಬಂದರು. ಬಿಸಿಲು ಏರುವ ಹೊತ್ತು. ಬಾವಿಯ ಸುತ್ತ ಓಣಿಯೆಲ್ಲ ನೆರೆದಿತ್ತು. ನಾನು ಮುದ್ರೆ ಒಡೆಯದ ಪೊಟ್ಟಣಗಳನ್ನು ಮೊದಲ ಪಾವಟಿಗೆಯ ಮೇಲೆ ಜೋಡಿಸಿ, ಜೈನರ ಪಂಚನಮಸ್ಕಾರ ಮಂತ್ರವನ್ನು ಮನಸ್ಸಿನಲ್ಲೇ ಹೇಳಿಕೊಂಡು ನಿಂತಿದ್ದೆ. ಕೊಟ್ಟ ಮಾತಿಗೆ ತಪ್ಪುವುದೂ ವ್ರತಭಂಗವೇ, ಅದನ್ನು ನಡೆಸುವುದೂ ವ್ರತಭಂಗವೇ. ಯಾವುದು ಹೆಚ್ಚಿನದೆಂದು ತೂಗುವ ಶಕ್ತಿ ನನ್ನಲ್ಲಿರಲಿಲ್ಲ.

ಕಾರಭಾರಿಗಳು ಪೊಟ್ಟಣಗಳ ಕಡೆ ನೋಡಲಿಲ್ಲ. ಅಕ್ಕಮ್ಮನನ್ನು ಕಾಣಬೇಕೆಂದರು. ಅವಳ ಹಿತ್ತಿಲ ಬಾಗಿಲಿನಿಂದ ಬಾವಿಯ ನೀರು ಇಪ್ಪತ್ತು ಹೆಜ್ಜೆ. ಅವಳ ಕಾಲು ಕುಂಬಳದಂತೆ ಬಾತು ಕೆಂಪಾಗಿತ್ತು.

“ಉರೀತದ ಏನವ್ವಾ?”

“ಉರೀತದ್ರಿ.”

“ನೀರಾಗ ಇಟ್ಟಿದ್ದಿ?”

ಅಕ್ಕಮ್ಮ ಉತ್ತರಿಸುವ ಮೊದಲೇ ಮುರಗೆಪ್ಪ ಮುಂದೆ ಬಂದ. ಹದಿನೈದು ದಿನಗಳಿಂದ ಹಗಲು ಕಾವಲು ತನ್ನದು, ರಾತ್ರಿಯದು ತನ್ನ ಅಣ್ಣನದು, ಅಕ್ಕಮ್ಮ ಆಯಿ ಒಂದು ಪಾವಟಿಗೆಯನ್ನೂ ಇಳಿದಿಲ್ಲ, ತಾವು ಕೊಡ ತಂದು ಕಾಲಿಗೆ ಎರೆಯುತ್ತೇವೆಂದರೆ, ಆ ಎರೆದ ನೀರೂ ಎಲ್ಲಿಯಾದರೂ ಹರಿದು ಬಾವಿ ಸೇರೀತೆಂದು ಬೇಡವೆಂದಿದ್ದಾಳೆ ಎಂದು ತಿಳಿಸಿದ. ಆಮೇಲೆ ನನ್ನ ಕಡೆ ನೋಡದೆ ಸೇರಿಸಿದ: “ಬಸದಿಯಾಕಿ ಖರೆ ರೀ. ಆದ್ರ ನಾ ಹಿಂಗ ಒಂದ ದಿನಾನೂ ತಡಕೊಂಡಿಲ್ಲ. ಮೊದಲ ವರ್ಷ ನಾನ ಕಳವಿಲೆ ನೀರಿಗೆ ಇಳದಿದ್ದೆ.”

ಕಾರಭಾರಿಗಳು ಬಾವಿಯ ಕಡೆ ತಿರುಗಿ ನೋಡುತ್ತ ನಿಂತರು. ಕಾನೂನನ್ನು ಬರೆಯುವವರು ಯೋಚಿಸುವಾಗ ಹೇಗಿರುತ್ತಾರೆಂಬುದನ್ನು ನಾನು ಅಷ್ಟು ಹತ್ತಿರದಿಂದ ಮತ್ತೆಂದೂ ಕಂಡಿಲ್ಲ.

“ಪಂಡಿತರ, ನಿಮ್ಮ ದುರ್ಬೀನಿಗೆ ಒಂದು ಮಾತು ಕೇಳತೇನಿ. ಈ ವರ್ಷ ಒಂದ ಕಾಲು. ಆ ಕಾಲು ನೀರು ಮುಟ್ಟಿಲ್ಲ. ಅಂದಮ್ಯಾಲ ಈ ವರ್ಷ ಈ ಬಾವ್ಯಾಗ ಮರಿ ಎಲ್ಲಿಂದ ಬಿದ್ದಾವು?”

“ಬಿದ್ದಿಲ್ಲ ರೀ.”

“ಹೋದ ವರ್ಷದವು?”

“ಹೋದ ವರ್ಷದವು ಹೋದ ಮಳಿಗಾಲದಾಗ ತೀರಿದ್ವು ರೀ. ನಿನ್ನಿ ನೂರು ಹನಿ ನೋಡೇನಿ. ಒಂದರ ಹೊಟ್ಟ್ಯಾಗೂ ಏನಿಲ್ಲ.”

“ಮತ್ತ ಈ ಮೈಲುತುತ್ತ ಯಾರನ್ನ ಕೊಲ್ಲಬೇಕು?”

ಮುಂದಿನ ಬೇಸಿಗೆ ತಾವು ಮತ್ತೆ ಬಂದು ನೋಡುವುದಾಗಿಯೂ ಅಲ್ಲಿಯವರೆಗೆ ಬಾವಿಯ ಕಾವಲು ಓಣಿಯವರದೇ ಆಗಿರಬೇಕೆಂದೂ ಹೇಳಿ ಅವರು ಹೊರಟರು. ಹೋಗುವಾಗ, ಎರಡು ವರ್ಷಕ್ಕೊಮ್ಮೆ ಪ್ರತಿ ಮನೆಯ ಬಟ್ಟೆ ಬದಲಾಗಬೇಕೆಂಬ ಸಾಲನ್ನು ವರದಿಗೆ ಸೇರಿಸಲು ತಿಳಿಸಿದರು. ಪೊಟ್ಟಣಗಳನ್ನು ಬಣ್ಣಗಾರರ ಮನೆಗೆ ಕಳಿಸಿದೆ, ನೂಲಿಗೆ ಬಣ್ಣ ಕಚ್ಚಿಸಲು ಅವರಿಗೆ ಅದು ಬೇಕಾಗುತ್ತದೆ.

ಅಂದು ಸಂಜೆಗೆ ಮೊದಲು ಗುರುಬಸವ್ವ ಅಕ್ಕಮ್ಮನಿಗೆ ಹೊಸ ಬಟ್ಟೆ ತಂದಳು. ಗಾಳಿಸಲು ಕೊಡುವ ಬಟ್ಟೆಯೆಂದು ಮಡಿಯುಟ್ಟು ನೇಯ್ದಿದ್ದಳಂತೆ. ಅಕ್ಕಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಹಳೆಯ ಬಟ್ಟೆಯನ್ನು ಶಾಸ್ತ್ರದ ಓಲೆಗಳಿಗೆ ಸುತ್ತಲು ನನಗೆ ಕೊಟ್ಟಳು.

ಹತ್ತು ದಿನಗಳ ಮೇಲೆ ಹುಳು ಪೂರ್ತಿ ಹೊರಬಂತು, ಎಲ್ಲಿಯೂ ಹರಿಯದೆ. ಕಡ್ಡಿಗೆ ಸುತ್ತಿದ ಆ ಬಿಳಿಯ ಎಳೆಯನ್ನು ಅಕ್ಕಮ್ಮ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು. ವರ್ಷವಿಡೀ ಅವಳ ಮೈಯಲ್ಲಿ ಬೆಳೆದದ್ದು ಅದು.

“ನೀರಾಗ ಬಿಟ್ರ ಮಂದೀ ಕಾಲು ಹೋಗ್ತಾವು,” ಅಂದಳು. “ಬಿಡದಿದ್ರ ಇದಕ್ಕ ಮನಿ ಎಲ್ಲಿ ಐತಿ ಭೂಪಾಲ?”

ಅವಳು ಅದನ್ನು ತುಳಸಿಯ ಎಲೆಯಿಟ್ಟಷ್ಟು ಮೃದುವಾಗಿ ನೆರಳಿನಲ್ಲಿಟ್ಟಳು. ಅದು ಅಲುಗುವುದು ನಿಲ್ಲುವವರೆಗೂ ಅದರ ಕಿವಿಗೆಂಬಂತೆ ಬಾಗಿ ಪಂಚನಮಸ್ಕಾರವನ್ನು ಹೇಳುತ್ತ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಗೋಡೆಯಾಚೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಡೆಯುತ್ತಿದ್ದವು.